ಬೆನ್ನಿಗೆ ಬಿದ್ದ ಬೂಟು

ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನಿನ ಲಕ್ಷ್ಮೀಶನಿಗೆ ಬೂಟಿನೇಟು ಬಿದ್ದದ್ದು ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ತನ್ನದೇ ಬಾಡಿಗೆ ಮನೆಯ ಮುಂದೆ, ಹೊಸ ಕೋಟಿನ ಬೆನ್ನ ಮೇಲೆ. ಹೊಡೆದವರು ಪಕ್ಕದ ಮನೆಯ ನೊರೀನ್ ಅಜ್ಜಿ. ಕಣ್ಣಾರೆ ಕಂಡವರು ಟ್ಯಾಕ್ಸಿ ಡ್ರೈವರ್ ಗುರ್ಮೀತ್ ಸಿಂಗ್ ಮತ್ತು ಎದುರು ಮನೆಯ ನಾಯಿ. ನಾಯಿ ಈ ವಿಷಯದಲ್ಲಿ ಕೊನೆಯವರೆಗೂ ಯಾವ ಹೇಳಿಕೆಯನ್ನೂ ಕೊಡಲಿಲ್ಲ.

ಲಕ್ಷ್ಮೀಶ ಅರಸೀಕೆರೆಯ ಹೆಡ್‌ಮಾಸ್ಟರರ ಮಗ. ಬೆತ್ತದ ಏಟು ತಿಂದಿದ್ದ, ಡಸ್ಟರಿನ ಏಟು ತಿಂದಿದ್ದ, ಒಮ್ಮೆ ಎಮ್ಮೆ ಒದ್ದದ್ದೂ ಉಂಟು. ಆದರೆ ಮೆಟ್ಟಿನೇಟು ಎಂಬುದು ಅವನ ವಂಶದಲ್ಲಿ ಯಾರಿಗೂ ಬಿದ್ದಿರಲಿಲ್ಲ. ಮೆಟ್ಟಿನ ವಿಷಯದಲ್ಲಿ ಅವನಿಗೆ ಎಷ್ಟು ನೇಮವೆಂದರೆ, ಬಾಗಿಲ ಬಳಿ ಯಾರ ಚಪ್ಪಲಿಯಾದರೂ ಮಗುಚಿ ಬಿದ್ದಿದ್ದರೆ ಮನೆಯಲ್ಲಿ ಜಗಳವಾಗುತ್ತದೆಂದು ಓಡಿಹೋಗಿ ಅದನ್ನು ನೆಟ್ಟಗೆ ಇಟ್ಟೇ ಒಳಗೆ ಬರುತ್ತಿದ್ದ. ಶಾಪಿಂಗ್ ಸೆಂಟರಿನ ಚಪ್ಪಲಿ ಅಂಗಡಿಯಲ್ಲೂ ಹಾಗೆ ಮಾಡಹೋಗಿ ಸೆಕ್ಯುರಿಟಿಯವನ ಕೈಗೆ ಸಿಕ್ಕಿದ್ದ.

ಆ ಸೋಮವಾರ ಅವನು ಹೊರಟಿದ್ದದ್ದು ಸಿಡ್ನಿಗೆ, ಇಂಟರ್‌ವ್ಯೂಗೆ. ಹಿಂದಿನ ಕಂಪನಿ ಪ್ರಾಜೆಕ್ಟನ್ನು ಮುಗಿಸುವಾಗ ಅವನನ್ನೂ ಮುಗಿಸಿತ್ತು. ವೀಸಾ ಸ್ಪಾನ್ಸರ್ ಮಾಡುವ ಇನ್ನೊಂದು ಕಂಪನಿ ಬೇಗ ಸಿಗದಿದ್ದರೆ ಹೆಂಡತಿ ಅರುಂಧತಿ, ಮಗಳು ಆದ್ಯಾ, ಇಲ್ಲೇ ಕಾಯಂ ನೆಲೆಸುವ ಪಿಆರ್ ಆಸೆ ಎಲ್ಲವನ್ನೂ ಗಂಟುಮೂಟೆ ಕಟ್ಟಿಕೊಂಡು ವಿಮಾನ ಹತ್ತಬೇಕಿತ್ತು. ಈ ಕೆಲಸ ಮೆಲ್ಬರ್ನಿನಲ್ಲೇ, ಇಂಟರ್‌ವ್ಯೂ ಮಾತ್ರ ಸಿಡ್ನಿಯ ಹೆಡ್ ಆಫೀಸಿನಲ್ಲಿ. ಹಾಗಾಗಿ ಕೋಟು ಹೊಸದು, ಬೂಟು ಹೊಸದು. ಬೂಟು ಹೆಜ್ಜೆಗೊಮ್ಮೆ ಕಿರ್ ಎನ್ನುತ್ತಿತ್ತು.

ನೊರೀನ್ ಅಜ್ಜಿಯ ಪರಿಚಯ ಹೇಳಬೇಕು. ಐರ್ಲೆಂಡಿನ ಪಶ್ಚಿಮದ ಯಾವುದೋ ಹಳ್ಳಿಯಲ್ಲಿ ಹುಟ್ಟಿ, ಗಂಡ ಪ್ಯಾಡಿಯ ಜೊತೆ ಹಡಗಿನಲ್ಲಿ ಬಂದು, ಅವನನ್ನು ಇಲ್ಲೇ ಮಣ್ಣು ಮಾಡಿ, ಒಬ್ಬರೇ ಇದ್ದ ಮುದುಕಿ. ಅರುಂಧತಿ ಡ್ಯಾಂಡಿನಾಂಗಿನ ಲ್ಯಾಬಿನಿಂದ ಬರುವವರೆಗೆ ಆದ್ಯಾ ಸ್ಕೂಲು ಮುಗಿಸಿ ಇರುವುದು ಅವರ ಮನೆಯಲ್ಲೇ. ಅವಳು ಅವರನ್ನು ಕರೆಯುವುದು ನಾನಾ ಎಂದು, ಅಂದರೆ ಅಜ್ಜಿ. ಹಿಂದಿನ ಸಂಜೆ ಬೇಲಿಯಾಚೆಯಿಂದ ನೊರೀನ್ ಕೇಳಿದ್ದರು, "ನಾಳೇನಾ ಹೋಗೋದು? ಎಷ್ಟು ಹೊತ್ತಿಗೆ?" ಲಕ್ಷ್ಮೀಶ ಹೇಳಿದ್ದ.

ಅರುಂಧತಿ ಕೊಟ್ಟ ಮೊಸರು ಸಕ್ಕರೆ ತಿಂದು, ಬಲಗಾಲಿಟ್ಟು ಹೊರಗೆ ಬಂದು, ಅವನು ಟ್ಯಾಕ್ಸಿಯ ಬಾಗಿಲಿಗೆ ಕೈ ಹಾಕಿದ್ದಷ್ಟೇ. ಧಪ್ ಎಂದಿತು. ತಿರುಗಿ ನೋಡಿದರೆ ಕಾಲ ಬಳಿ ಲೇಸಿಲ್ಲದ ಹಳೇ ಚರ್ಮದ ಬೂಟೊಂದು ಮಗುಚಿ ಬಿದ್ದಿದೆ. ಗೇಟಿನಲ್ಲಿ ನೊರೀನ್ ಅಜ್ಜಿ, ಎತ್ತಿದ ಕೈ ಇನ್ನೂ ಇಳಿಸಿಲ್ಲ, ಮುಖದ ತುಂಬ ನಗು. ಇಂಗ್ಲಿಷ್ ಅಲ್ಲದ ಯಾವುದೋ ಭಾಷೆಯಲ್ಲಿ ಏನೋ ಕೂಗಿ ಅವರು ಒಳಗೆ ಹೋದರು.

"ಭಾಯ್ ಸಾಬ್, ಪುಲೀಸ್ ಬುಲಾವೂಂ?" ಎಂದ ಗುರ್ಮೀತ್. "ಕೌನ್ ಹೈ ಯೇ?"

ಪೊಲೀಸರನ್ನು ಕರೆಯಲೇ, ಯಾರು ಈಕೆ ಎಂದು ಕೇಳುತ್ತಲೇ ಇದ್ದ ಅವನಿಗೆ ಲಕ್ಷ್ಮೀಶ ಗಡಿಯಾರ ತೋರಿಸಿದ. ವಿಮಾನಕ್ಕೆ ಹೊತ್ತಾಗಿತ್ತು. ಬಗ್ಗಿ, ಮಗುಚಿ ಬಿದ್ದ ಬೂಟನ್ನು ನೆಟ್ಟಗೆ ಇಟ್ಟು, ಟ್ಯಾಕ್ಸಿ ಹತ್ತಿದ.

ಸಿಡ್ನಿಯ ವಿಮಾನ ನಿಲ್ದಾಣಕ್ಕೆ ಬಂದದ್ದು ಭಾವಮೈದುನ ಹರ್ಷವರ್ಧನ್. ಮಾರ್ಸ್ಡನ್ ಪಾರ್ಕಿನಲ್ಲಿ ಮನೆ ಕಟ್ಟಿಸಿದ ಮೇಲೆ ಅವನಿಗೆ ಎಲ್ಲ ವಿಷಯದಲ್ಲೂ ಅಭಿಪ್ರಾಯ ಬಂದುಬಿಟ್ಟಿತ್ತು. ಕೋಟಿನ ಬೆನ್ನ ಮೇಲೆ ಮೂಡಿದ್ದ ಅಟ್ಟೆಯ ಅಚ್ಚನ್ನು ನೋಡಿ, ವಿಷಯ ಕೇಳಿ, ಸ್ಟಿಯರಿಂಗ್ ಗುದ್ದಿದ.

"ಭಾವ, ಇದು ಕ್ಲಿಯರ್ ಕೇಸ್. ಹಿಂದಿನ ದಿನ ಟೈಮ್ ಕೇಳಿದ್ದಾಳೆ ಅಂದ್ರೆ ಪ್ಲಾನ್ ಮಾಡೇ ಹೊಡ್ದಿದ್ದಾಳೆ. ಸುಮ್ನೆ ಬಿಡಬೇಡಿ."

"ಆದ್ರೆ ನಗ್ತಿದ್ರಲ್ಲೋ."

"ಅದೇ ಮತ್ತೆ! ಸಿಟ್ಟಲ್ಲಿ ಹೊಡ್ದಿದ್ರೆ ಕ್ಷಮಿಸಬಹುದಿತ್ತು."

ಮನೆಯಲ್ಲಿ ವಿಸಿಟರ್ ವೀಸಾದ ಮೇಲೆ ಬಂದಿದ್ದ ಅತ್ತೆ ಲಕ್ಷ್ಮಮ್ಮನವರು ವಿಚಾರಣೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದರು.

"ಸುಮ್‌ಸುಮ್ನೆ ಯಾರಾದ್ರೂ ಮೆಟ್ಟು ಎಸೀತಾರೇನಪ್ಪ ಅಳಿಯಂದ್ರೆ? ನೀವೇನು ಮಾಡಿದ್ರಿ, ಮೊದ್ಲು ಅದು ಹೇಳಿ."

"ಏನೂ ಮಾಡಿಲ್ಲ ಅತ್ತೆ."

"ಅದು ಎಡಗಾಲಿಂದೋ ಬಲಗಾಲಿಂದೋ?"

"ನೋಡ್ಲಿಲ್ಲ."

"ಅಷ್ಟೂ ನೋಡ್ಬಾರ್ದೆ? ಹೋಗಿ, ಮೊದ್ಲು ತಲೆಗೆ ನೀರು ಹಾಕ್ಕೊಳ್ಳಿ. ಮೆಟ್ಟಿನೇಟಿನ ಮೈಲಿಗೇಲಿ ಕೆಲಸಕ್ಕೆ ಹೋಗೋದುಂಟೆ?"

ಹಾಗಾಗಿ ಪ್ಯಾರಾಮಟ್ಟಾದ ಆಫೀಸಿನಲ್ಲಿ ಇಂಟರ್‌ವ್ಯೂ ಪ್ಯಾನೆಲ್ಲಿನ ಮುಂದೆ ಕೂತಾಗ ಲಕ್ಷ್ಮೀಶನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಮೇಲೆ ಹರ್ಷನ ಕೋಟು, ಅದರ ತೋಳು ಬೆರಳ ತುದಿಯವರೆಗೆ ಬರುತ್ತಿತ್ತು. ಇತ್ತೀಚೆಗೆ ಎದುರಿಸಿದ ಒಂದು ಕಠಿಣ ಸಂದರ್ಭ ಹೇಳಿ ಎಂದರು. ಆ ಪ್ರಶ್ನೆಗೆ ಅವನು ಸರ್ವರ್ ಕೆಟ್ಟುಹೋದ ಕಥೆಯೊಂದನ್ನು ಬಾಯಿಪಾಠ ಮಾಡಿಕೊಂಡಿದ್ದ. ಬಾಯಿಂದ ಬಂದದ್ದು ಬೇರೆ.

"ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ನನಗೆ ಬೂಟಿನಲ್ಲಿ ಹೊಡೆದರು."

ಪ್ಯಾನೆಲ್ಲಿನ ಮೂವರೂ ಪೆನ್ನು ಕೆಳಗಿಟ್ಟರು. "ನೀವೇನು ಮಾಡಿದಿರಿ?"

"ಬೂಟು ಮಗುಚಿ ಬಿದ್ದಿತ್ತು. ನೆಟ್ಟಗೆ ಇಟ್ಟೆ. ಫ್ಲೈಟ್ ಹಿಡಿದೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಡುವಿನ ಹೆಂಗಸು ಏನನ್ನೋ ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದಳು. ಕೆಲಸ ಅಲ್ಲಿಗೇ ಹೋಯಿತೆಂದು ಲಕ್ಷ್ಮೀಶ ತೀರ್ಮಾನಿಸಿಕೊಂಡ.

ಮೆಲ್ಬರ್ನಿಗೆ ಮರಳಿದ ಮರುದಿನವೇ ಅವನ ಮನೆಯಲ್ಲಿ ಸಭೆ ಸೇರಿತು. ಹರ್ಷ ಸುಮ್ಮನಿರದೆ ಸುದ್ದಿಯನ್ನು ವಾಟ್ಸಾಪಿಗೆ ಹಾಕಿದ್ದ. ಕ್ರಾನ್‌ಬರ್ನ್ ಕನ್ನಡ ಬಳಗದ ಕಾರ್ಯದರ್ಶಿ ಶಶಿಧರ ಇಬ್ಬರು ಸದಸ್ಯರೊಂದಿಗೆ ಬಂದು ಸೋಫಾ ತುಂಬಿದ. ರಾಜ್ಯೋತ್ಸವ ಮುಗಿದಾಗಿನಿಂದ ಬಳಗಕ್ಕೆ ಮಾಡಲು ಕೆಲಸವಿರಲಿಲ್ಲ.

"ಇದು ನಿಮಗೊಬ್ಬರಿಗೆ ಬಿದ್ದ ಏಟಲ್ಲ ಲಕ್ಷ್ಮೀಶ್. ಇಡೀ ಬಳಗಕ್ಕೆ ಬಿದ್ದ ಏಟು."

"ನನಗೇ ಬಿದ್ದದ್ದು ಸಾರ್. ಇನ್ನೂ ನೋಯ್ತಾ ಇದೆ."

"ನಮ್ಮ ಇಂಗಿನ ವಾಸನೆ ಆಗಿರಲ್ಲ ಅವರಿಗೆ," ಎಂದ ಒಬ್ಬ ಸದಸ್ಯ. ಅಜ್ಜಿ ವಾರಕ್ಕೊಮ್ಮೆ ಪಾತ್ರೆ ತಂದು ಸಾರು ಹಾಕಿಸಿಕೊಂಡು ಹೋಗುತ್ತಾರೆ ಎಂದಳು ಅರುಂಧತಿ, ಕಾಫಿ ಕೊಡುತ್ತ. "ಅವರು ಅಂಥವರಲ್ಲ. ಹೋಗಿ ಒಂದು ಮಾತು ಕೇಳಿ ಅಂದ್ರೆ ಇವರಿಗೆ ಏನು ಕಷ್ಟ?"

ಕೇಳುವುದು! ಮೆಟ್ಟಿನೇಟು ತಿಂದವನು ಹೊಡೆದವರ ಬಳಿ ಹೋಗಿ ಯಾಕೆ ಹೊಡೆದಿರಿ ಎಂದು ಕೇಳುವುದೇ? ನಾಲ್ವರು ಗಂಡಸರೂ ಅರುಂಧತಿಯನ್ನು ಮರುಕದಿಂದ ನೋಡಿದರು. ಶಶಿಧರ ಕಣ್ಣು ಮುಚ್ಚಿ ಯೋಚಿಸಿ ಉಪಾಯ ಹೇಳಿದ.

"ನಾಚಿಕೆ ಆಗೋ ಹಾಗೆ ಮಾಡ್ಬೇಕು. ನೀವು ಹಳೇ ಬೂಟು ಎಸೆದ್ರಿ, ನಾವು ನಿಮಗೆ ಹೊಸ ಬೂಟು ಕೊಡ್ತೀವಿ ಅಂತ ಒಂದು ಜೊತೆ ತಗೊಂಡು ಹೋಗಿ ಅವರ ಮುಂದೆ ಇಡಿ. ತಲೆ ಎತ್ತೋಕ್ಕಾಗಲ್ಲ ಅವರಿಗೆ."

ಲಕ್ಷ್ಮೀಶನಿಗೆ ಇದು ಸರಿಯೆನಿಸಿತು. ಅಪಮಾನವೂ ಆಗಬೇಕು, ಸಭ್ಯವಾಗಿಯೂ ಇರಬೇಕು. ಅರುಂಧತಿಗೆ ಹೇಳದೆ, ಅಜ್ಜಿಯ ಕಾಲಿಗೆ ಆಗುವಂಥ ಮೆತ್ತನೆಯ ನೀಲಿ ಬೂಟು ಕೊಂಡು ಪಕ್ಕದ ಮನೆಗೆ ಹೋದ. ಅಭ್ಯಾಸದಂತೆ ತನ್ನ ಬೂಟನ್ನು ಹೊಸ್ತಿಲಾಚೆ ಬಿಟ್ಟ. ಅಜ್ಜಿ ಸಂಭ್ರಮದಿಂದ, "ಬಾ ಲಕ್ಸ್, ಹೋದ ಕೆಲಸ ಏನಾಯ್ತು?" ಎಂದು ಅಡುಗೆಮನೆಗೆ ಕರೆದರು. ಲಕ್ಷ್ಮೀಶ ಡಬ್ಬ ತೆರೆದು, ಹೊಸ ಬೂಟಿನ ಜೊತೆಯನ್ನು ಅವರ ಟೀ ಕಪ್ಪಿನ ಪಕ್ಕದಲ್ಲಿ, ಮೇಜಿನ ನಡುಮಧ್ಯೆ, ನೆಟ್ಟಗೆ ಇಟ್ಟ.

ನಾಚಿಕೆಯಾಗಬೇಕಿದ್ದ ಅಜ್ಜಿಯ ಮುಖ ಸುಣ್ಣವಾಯಿತು. ಶಿಲುಬೆಯ ಗುರುತು ಮಾಡಿಕೊಂಡು, ಪೊರಕೆಯಿಂದ ಬೂಟುಗಳನ್ನು ಮೇಜಿನಿಂದ ಕೆಳಕ್ಕೆ ಕೆಡವಿ, "ನಿನಗೆ ನಾನೇನು ಮಾಡಿದ್ದೆ? ಇದಕ್ಕಾ ಬಂದೆ? ಹೋಗು ಆಚೆ!" ಎಂದು ಅಳತೊಡಗಿದರು. ಪೊರಕೆ ತನ್ನ ಕಡೆಗೂ ತಿರುಗಿದಾಗ ಲಕ್ಷ್ಮೀಶ ಕಿರ್ ಎನ್ನುವ ತನ್ನ ಬೂಟನ್ನು ಅಲ್ಲೇ ಬಿಟ್ಟು, ಆ ಊರಿನ ಜುಲೈ ಚಳಿಗೆ ಮಂಜು ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಿ ಮನೆ ಸೇರಿದ.

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಎಸೆದವರೂ ಅವರೇ, ಎಸೆದು ನಕ್ಕವರೂ ಅವರೇ, ಉಡುಗೊರೆ ಕೊಟ್ಟರೆ ಅತ್ತವರೂ ಅವರೇ. ಸಂಜೆ ಆದ್ಯಾ ಹೋಗಿ ಬಾಗಿಲು ತಟ್ಟಿದರೆ ನಾನಾ ತೆರೆಯಲಿಲ್ಲ. "ವಾಟ್ ಡಿಡ್ ಯೂ ಡೂ, ಅಪ್ಪಾ?" ಎಂದು ಅವಳು ಊಟ ಬಿಟ್ಟು ಮಲಗಿದಳು. ಅರುಂಧತಿ ವಿಷಯ ತಿಳಿದು ಅವನ ಜೊತೆ ಮಾತು ಬಿಟ್ಟಳು. ಮನೆಯಲ್ಲಿ ಯಾವ ಚಪ್ಪಲಿ ಮಗುಚಿ ಬಿದ್ದಿದೆಯೋ ಎಂದು ಲಕ್ಷ್ಮೀಶ ಮಂಚದ ಕೆಳಗೂ ಹುಡುಕಿದ. ಎಲ್ಲವೂ ನೆಟ್ಟಗಿದ್ದವು.

ಶನಿವಾರ ಎರಡು ಸಂಗತಿ ಒಟ್ಟಿಗೇ ನಡೆದವು. ಸಿಡ್ನಿಯಿಂದ ಫೋನು ಬಂತು. ಪ್ಯಾನೆಲ್ಲಿಗೆ ಅವನು ಬಹಳ ಇಷ್ಟವಾಗಿದ್ದಾನೆ, ಏನೇ ಆದರೂ ಸಮಚಿತ್ತ ಕಳೆದುಕೊಳ್ಳದ ಮನುಷ್ಯ ಅಂತೆ, ಸೋಮವಾರ ಫೈನಲ್ ರೌಂಡಿಗೆ ಬರಬೇಕಂತೆ. ಫೋನು ಇಡುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ತೆರೆದರೆ ನೊರೀನರ ಮಗ ಡೆಕ್ಲನ್, ಡ್ಯಾಂಡಿನಾಂಗಿನ ಗೋದಾಮಿನಲ್ಲಿ ಸೂಪರ್‌ವೈಸರ್, ಬಾಗಿಲಿನಷ್ಟೇ ಅಗಲದ ಆಳು.

"ನಮ್ಮಮ್ಮನ ಮೇಜಿನ ಮೇಲೆ ಹೊಸ ಬೂಟು ಇಟ್ಟದ್ದು ನೀನೇನಾ?"

"ನಾನೇ. ಯಾಕೆ?"

"ಅವರ ಊರಲ್ಲಿ ಮೇಜಿನ ಮೇಲೆ ಹೊಸ ಬೂಟು ಇಟ್ಟರೆ ಆ ಮನೆಯಲ್ಲಿ ಸಾವು ಅಂತ ಲೆಕ್ಕ. ಆ ಮನೆಯಲ್ಲಿರೋದು ಅಮ್ಮ ಒಬ್ಬರೇ. ಮೂರು ದಿನದಿಂದ ಶವಪೆಟ್ಟಿಗೆಗೆ ಯಾವ ಬಟ್ಟೆ ಅಂತ ಆರಿಸ್ತಾ ಕೂತಿದ್ದಾರೆ!"

ಲಕ್ಷ್ಮೀಶನಿಗೂ ಕಟ್ಟೆಯೊಡೆಯಿತು. "ಮತ್ತೆ ಅವರು ನನ್ನ ಮೇಲೆ ಬೂಟು ಎಸೆದದ್ದಕ್ಕೆ ಯಾವ ಲೆಕ್ಕ?"

ಡೆಕ್ಲನ್ ಕಣ್ಣು ಕಿರಿದು ಮಾಡಿದ. "ಯಾವ ಬೂಟು? ಕಂದು ಬಣ್ಣದ್ದಾ? ಲೇಸಿಲ್ಲದ್ದಾ?"

"ಹೌದು. ಬೆನ್ನಿಗೆ!"

ಡೆಕ್ಲನ್ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೊದಲು ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡ. "ಅದು ನಮ್ಮಪ್ಪನ ಬೂಟು ಕಣಯ್ಯಾ. ಒಳ್ಳೇ ಕೆಲಸಕ್ಕೆ ಹೊರಟವರ ಹಿಂದೆ ಹಳೇ ಬೂಟು ಎಸೆದರೆ ಅದೃಷ್ಟ ಜೊತೆಗೆ ಹೋಗುತ್ತೆ ಅಂತ. ಅಪ್ಪ ಸಂತೆಗೆ ಹೊರಟಾಗಲೆಲ್ಲ ನಮ್ಮಜ್ಜಿ ಎಸೀತಿದ್ದಳಂತೆ. ನನ್ನ ಮದುವೆ ದಿನ ಅಮ್ಮ ನನಗೆ ಎಸೆದಿದ್ದರು. ಆಮೇಲೆ ಯಾರಿಗೂ ಎಸೆದಿಲ್ಲ. ಅದನ್ನ ಬೀದೀಲಿ ಹೋಗೋರಿಗೆ ಎಸೆಯೋದಿಲ್ಲ, ಮನೆಯವರಿಗೆ ಮಾತ್ರ."

ಲಕ್ಷ್ಮೀಶನಿಗೆ ತಾನು ಮಾಡಿದ್ದಕ್ಕೆ ನಾಚಿಕೆಯಾಯಿತು. ಅದರ ಬೆನ್ನಿಗೇ, ಬಿಡಿಸಿ ಹೇಳಲೇಬೇಕಾದ ಇನ್ನೊಂದು ಯೋಚನೆಯೂ ಬಂತು. ಬೂಟು ಬಿತ್ತು, ಇಂಟರ್‌ವ್ಯೂ ಪಾಸಾಯಿತು. ಬರುವ ಸೋಮವಾರ ಬೂಟು ಬೀಳದಿದ್ದರೆ?

ಮರುದಿನ ಬೆಳಿಗ್ಗೆ ಅರುಂಧತಿ ಮತ್ತು ಆದ್ಯಾಳನ್ನು ಮುಂದಿಟ್ಟುಕೊಂಡು ಅಜ್ಜಿಯ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದ. ಅಜ್ಜಿ ಕ್ಷಮಿಸಿದರು, ಆದರೆ ಕುರ್ಚಿಯಿಂದ ಏಳಲಿಲ್ಲ.

"ನಿನ್ನ ತಪ್ಪಿಲ್ಲ ಲಕ್ಸ್. ಆದರೆ ಇಟ್ಟದ್ದು ಇಟ್ಟ ಹಾಗೇ. ಇದಕ್ಕೆ ನಮ್ಮ ಕಡೆ ಪರಿಹಾರ ಇಲ್ಲ."

"ನಮ್ಮ ಕಡೆ ಇದೆ," ಎಂದ ಲಕ್ಷ್ಮೀಶ. ಹೇಳಿದ ಮೇಲೆಯೇ ಅವನಿಗೆ ನೆನಪಾಯಿತು. "ದೇವಸ್ಥಾನದ ಮುಂದೆ ಬಿಟ್ಟ ಚಪ್ಪಲಿ ಕಳೆದುಹೋದರೆ ನಮ್ಮ ಶನಿಯೂ ಅದರ ಜೊತೆ ಹೋಗುತ್ತೆ. ಈ ನೀಲಿ ಬೂಟನ್ನ ಅಲ್ಲಿ ಬಿಟ್ಟು ಬರೋಣ. ಯಾರು ಎತ್ತಿಕೊಂಡು ಹೋಗ್ತಾರೋ ಅವರ ಪಾಲಿಗೆ."

ಅಜ್ಜಿ ನೆಟ್ಟಗೆ ಕೂತರು. ಇಷ್ಟು ದಿನ ಮಗ, ಸೊಸೆ, ಪಾದ್ರಿ ಎಲ್ಲರೂ ಅವರಿಗೆ ಬುದ್ಧಿ ಹೇಳಿದ್ದರೇ ಹೊರತು ಒಬ್ಬರೂ ಉಪಾಯ ಹೇಳಿರಲಿಲ್ಲ. "ಇದು ಮಾತು!" ಎಂದು ಕೋಟು ಹಾಕಿಕೊಂಡರು.

ದೇವಸ್ಥಾನದ ಬಾಗಿಲಲ್ಲಿ ಅಜ್ಜಿ ತಮ್ಮ ಹಳೇ ಸ್ಲಿಪ್ಪರ್ ಬಿಟ್ಟರು. ಪಕ್ಕದಲ್ಲಿ ನೀಲಿ ಬೂಟನ್ನೂ ಇಟ್ಟರು. ತಣ್ಣನೆಯ ಕಲ್ಲಿನ ಮೇಲೆ ಬರಿಗಾಲು ಊರಿದಾಗ ಅವರ ಮುಖ ಅರಳಿತು.

"ಮೇ ತಿಂಗಳು ಬಂದರೆ ನಾವು ಮಕ್ಕಳೆಲ್ಲ ಬೂಟು ಬಿಚ್ಚಿಬಿಡ್ತಿದ್ವಿ. ಮತ್ತೆ ಕಾಲಿಗೆ ಹಾಕ್ತಿದ್ದದ್ದು ಚಳಿ ಶುರುವಾದ ಮೇಲೇ. ಭಾನುವಾರ ಚರ್ಚಿಗೆ ಹೋಗೋವಾಗ ಬೂಟು ಸವೆಯಬಾರದು ಅಂತ ಕೈಯಲ್ಲಿ ಹಿಡಿದು ನಡೀತಿದ್ವಿ. ಚರ್ಚ್ ಹತ್ರ ಬಂದಾಗ ಕಾಲು ಒರೆಸಿ ಹಾಕ್ಕೊತಿದ್ವಿ."

"ದೇವರ ಬಾಗಿಲಲ್ಲಿ ಹಾಕ್ಕೊತಿದ್ರಾ?" ಲಕ್ಷ್ಮೀಶನಿಗೆ ಮತ್ತೆ ಗೊಂದಲವಾಯಿತು. "ನಾವು ಬಿಚ್ತೀವಲ್ಲ."

"ಮರ್ಯಾದೆಗೆ," ಎಂದರು ಅಜ್ಜಿ.

"ನಾವೂ ಮರ್ಯಾದೆಗೇ," ಎಂದ ಲಕ್ಷ್ಮೀಶ. ಇಬ್ಬರೂ ತಲೆದೂಗಿ ಒಳಗೆ ಹೋದರು.

ಆದರೆ ಆಸ್ಟ್ರೇಲಿಯಾದಲ್ಲಿ ಹೊಸ ಬೂಟನ್ನು ಕಳೆದುಕೊಳ್ಳುವುದು ಸುಲಭವಲ್ಲ. ದರ್ಶನ ಮುಗಿಸಿ ಇನ್ನೊಂದು ಬಾಗಿಲಿನಿಂದ ಕಳ್ಳಹೆಜ್ಜೆಯಲ್ಲಿ ಕಾರು ಸೇರುವಷ್ಟರಲ್ಲಿ ವಾಲಂಟಿಯರ್ ಒಬ್ಬಾಕೆ, "ಅಂಕಲ್, ಶೂಸ್ ಮರೆತ್ರಿ!" ಎಂದು ನೀಲಿ ಜೊತೆಯನ್ನು ಹಿಡಿದು ಓಡಿಬಂದಳು. ಲಕ್ಷ್ಮೀಶ ಅದನ್ನು ಮತ್ತೆ ಕೊಂಡುಹೋಗಿ ಇಟ್ಟು ಬಂದ. ಪಾರ್ಕಿಂಗ್ ನೋಡಿಕೊಳ್ಳುವವರು ತಂದುಕೊಟ್ಟರು. ಮೂರನೇ ಸಲ ಅರ್ಚಕರೇ ಬಂದು, "ಇವರೇನಾ ಮರೆವಿನವರು?" ಎಂದು ಅರುಂಧತಿಯನ್ನು ಕೇಳಿದರು.

ಅಜ್ಜಿಯ ಮುಖ ಬಾಡಿತು. ತಮ್ಮ ಹಳೇ ಸ್ಲಿಪ್ಪರ್ ಹಾಕಿಕೊಳ್ಳಲು ಬಾಗಿಲಿಗೆ ಹೋದರೆ ಅದು ಅಲ್ಲಿರಲಿಲ್ಲ. ಯಾರೋ ಹಿರಿಯರು ಅವಸರದಲ್ಲಿ ತಮ್ಮದೆಂದು ಮೆಟ್ಟಿಕೊಂಡು ಹೋಗಿಬಿಟ್ಟಿದ್ದರು. ವಾಲಂಟಿಯರ್ ಹುಡುಗಿ ಗಾಬರಿಯಾಗಿ ಸಾರಿ ಕೇಳಿದಳು. ಅಜ್ಜಿ ಅವಳ ಕೆನ್ನೆಗೆ ಮುತ್ತು ಕೊಟ್ಟರು.

"ಹೋಯ್ತಲ್ಲ ಲಕ್ಸ್?"

"ಹೋಯ್ತು. ಪೂರ್ತಿ ಹೋಯ್ತು."

"ಹಾಗಾದ್ರೆ ಇದು?" ನೀಲಿ ಬೂಟು ತೋರಿಸಿದರು.

ಲಕ್ಷ್ಮೀಶ ಶಾಸ್ತ್ರ ಬಲ್ಲವನ ಗತ್ತಿನಲ್ಲಿ ಹೇಳಿದ, "ಮೇಜಿನ ಮೇಲಿದ್ರೆ ದೋಷ. ಕಾಲಿಗೆ ಬಂದ್ಮೇಲೆ ಏನೂ ಇಲ್ಲ." ಬೂಟು ಸರಿಯಾಗಿ ಹಿಡಿಸಿತು.

ಅವನಿಗೆ ಆ ಕೆಲಸ ಸಿಕ್ಕಿತು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕೆಲಸ ಸಿಕ್ಕಿತು, ಮಾಡುತ್ತಿದ್ದಾನೆ, ಈಗ ಮ್ಯಾನೇಜರನ್ನು ಬೈಯುವಷ್ಟು ಹಳಬನಾಗಿದ್ದಾನೆ. ಆದರೆ ಸೋಮವಾರ ಬೆಳಿಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ. ಗುರ್ಮೀತ್ ಟ್ಯಾಕ್ಸಿ ತಂದು ನಿಲ್ಲಿಸಿದ್ದ. ಅರುಂಧತಿ ಮೊಸರು ಸಕ್ಕರೆ ಕೊಟ್ಟಿದ್ದಳು. ಲಕ್ಷ್ಮೀಶ ಟ್ಯಾಕ್ಸಿ ಹತ್ತಲಿಲ್ಲ. ಅಜ್ಜಿಯ ಗೇಟಿಗೆ ಬೆನ್ನು ಮಾಡಿ ರಸ್ತೆಯಲ್ಲಿ ನಿಂತುಕೊಂಡ. ಗೇಟಿನಲ್ಲಿ ನೀಲಿ ಬೂಟಿನ ಅಜ್ಜಿ, ಕೈಯಲ್ಲಿ ಪ್ಯಾಡಿಯ ಬೂಟು, ಆದರೆ ಕೈ ಏಳುತ್ತಿಲ್ಲ.

"ನಿನಗೆ ನೋವಾಗುತ್ತೆ ಅಂತ ಈಗ ಗೊತ್ತಲ್ಲ," ಎಂದರು.

"ನೋವಾಗಲ್ಲ! ಹೊಡೀರಿ!"

"ನಿಮ್ಮಲ್ಲಿ ಅದು ಅವಮಾನ ಅಂತ ಡೆಕ್ಲನ್ ಹೇಳಿದ."

"ಅವಮಾನ ಆಗ್ಲಿ! ಫ್ಲೈಟಿಗೆ ಹೊತ್ತಾಯ್ತು, ದಮ್ಮಯ್ಯ, ಬೂಟಲ್ಲಿ ಹೊಡೀರಿ!"

ಸರಿಯಾಗಿ ಅದೇ ಹೊತ್ತಿಗೆ ಕನ್ನಡ ಬಳಗ ಬಂತು. ರಾಜಿಯಾದ ಸುದ್ದಿಯನ್ನು ಶಶಿಧರನಿಗೆ ತಿಳಿಸಬೇಕೆಂಬುದು ಲಕ್ಷ್ಮೀಶನಿಗೆ ಹೊಳೆದೇ ಇರಲಿಲ್ಲ. ಕೊರಳಿಗೆ ಹಳದಿ ಕೆಂಪು ಶಲ್ಯ, ಕೈಯಲ್ಲಿ ಖಂಡನೆಯ ಫಲಕ ಹಿಡಿದು ಕಾರಿನಿಂದಿಳಿದ ಶಶಿಧರನ ಕಿವಿಗೆ ಬಿದ್ದದ್ದು ಅಚ್ಚ ಕನ್ನಡದಲ್ಲಿ, "ಹೊಡೀರಿ ಅಮ್ಮಾ, ಜೋರಾಗಿ ಹೊಡೀರಿ!" ಎಂಬ ಕೂಗು. ಆವೇಶ ಹೆಚ್ಚಿದಾಗ ಲಕ್ಷ್ಮೀಶನಿಗೆ ಇಂಗ್ಲಿಷ್ ಬಿಟ್ಟುಹೋಗುತ್ತಿತ್ತು.

"ಲಕ್ಷ್ಮೀಶ್! ಹೆದರಬೇಡಿ, ನಾವಿದ್ದೀವಿ!" ಎಂದು ಶಶಿಧರ ನಡುವೆ ನುಗ್ಗಿದ. ಅಜ್ಜಿಯ ಕೈ ಅದೇ ಕ್ಷಣಕ್ಕೆ ಎದ್ದಿತ್ತು. ಬೂಟು ಹಾರಿ ಬಂದು ಕಾರ್ಯದರ್ಶಿಯ ಎದೆಗೆ ಬಡಿಯಿತು.

"ಅಯ್ಯೋ, ಅದು ನನ್ನದು ಸಾರ್!" ಲಕ್ಷ್ಮೀಶ ಅಳುವುದೊಂದು ಬಾಕಿ. "ನನಗೆ ಬೀಳಬೇಕಾದದ್ದನ್ನ ನೀವ್ಯಾಕೆ ತಗೊಂಡ್ರಿ?"

ಶಶಿಧರ ಫಲಕವನ್ನು ಕೆಳಗಿಳಿಸಿ ಲಕ್ಷ್ಮೀಶನನ್ನೂ ಅಜ್ಜಿಯನ್ನೂ ಬೂಟನ್ನೂ ಸರದಿಯಂತೆ ನೋಡಿದ. ಬಳಗದ ನಿಯಮಾವಳಿಯಲ್ಲಿ ಇಂಥ ಸಂದರ್ಭಕ್ಕೆ ಯಾವ ಸೂಚನೆಯೂ ಇರಲಿಲ್ಲ.

ಅಜ್ಜಿ ಒಳಗೆ ಹೋದರು. ಹಾಸಿಗೆಯ ಕೆಳಗಿನಿಂದ ಜೊತೆಯ ಇನ್ನೊಂದು ಬೂಟನ್ನು ತಂದರು. ಪ್ಯಾಡಿ ಸತ್ತ ದಿನದಿಂದ ಆ ಬೂಟು ಹೊರಗೆ ಬಂದಿರಲಿಲ್ಲ, ಲೇಸು ಅವನು ಕಟ್ಟಿದ ಹಾಗೇ ಇತ್ತು. ಅದನ್ನೊಮ್ಮೆ ಸೆರಗಿಲ್ಲದ ಆ ಹೆಂಗಸು ಏಪ್ರನ್ನಿನ ತುದಿಯಿಂದ ಒರೆಸಿ, ಗುರಿಯಿಟ್ಟು, ತಮ್ಮ ಭಾಷೆಯಲ್ಲಿ ಹರಸುತ್ತ ಎಸೆದರು.

ಧಪ್. ಬೆನ್ನ ನಡುಮಧ್ಯೆ.

ಲಕ್ಷ್ಮೀಶ ಬಗ್ಗಿದ. ಮಗುಚಿ ಬಿದ್ದ ಬೂಟನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಅಜ್ಜಿಯ ಗೇಟಿನ ಬಳಿ ನೆಟ್ಟಗೆ ಇಟ್ಟ. ಕಣ್ಣಲ್ಲಿ ನೀರು ತುಂಬಿ ದಾರಿ ಕಾಣದೆ ಟ್ಯಾಕ್ಸಿಯ ತಪ್ಪು ಬಾಗಿಲು ತೆರೆದು, ಮತ್ತೆ ಸುತ್ತಿ ಬಂದು ಕೂತ.

ಗುರ್ಮೀತ್ ಕನ್ನಡಿಯಲ್ಲಿ ಅವನನ್ನು ನೋಡಿದ. ಗೇಟಿನಲ್ಲಿ ಕೈಬೀಸುತ್ತಿದ್ದ ಮುದುಕಿಯನ್ನು ನೋಡಿ, ಹೋದ ಸಲದ ಪ್ರಶ್ನೆಯನ್ನೇ ಕೇಳಿದ.

"ಭಾಯ್ ಸಾಬ್, ಪಿಛಲೀ ಬಾರ್ ಭೀ ಪೂಛಾ ಥಾ. ಕೌನ್ ಹೈ ಯೇ?"

"ಮಾ ಹೈ," ಎಂದ ಲಕ್ಷ್ಮೀಶ. "ಚಲೋ."